ಬೀಡಿ ಚಪ್ಪರದ ಓದುಗ

ದುಡಿಮೆಯ ಚರಿತ್ರೆ ಬರೆದವರು ಕೂಲಿಯ ಲೆಕ್ಕ ಬರೆದಿದ್ದಾರೆ, ಮುಷ್ಕರಗಳ ತಾರೀಖು ಬರೆದಿದ್ದಾರೆ, ಸಂಘಗಳು ಒಡೆದದ್ದನ್ನೂ ಕೂಡಿದ್ದನ್ನೂ ಬಿಡದೆ ದಾಖಲಿಸಿದ್ದಾರೆ. ದುಡಿಯುವವರು ತಮ್ಮ ದಣಿವನ್ನು ಎಲ್ಲಿ, ಹೇಗೆ ಇಳಿಸಿಕೊಂಡರು ಎನ್ನುವ ಪ್ರಶ್ನೆ ಮಾತ್ರ ಹೆಚ್ಚಾಗಿ ಅಡಿಟಿಪ್ಪಣಿಗೆ ಸರಿದಿದೆ. ಈಗ ಕೆಲಸದ ಒತ್ತಡ ಎನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ದೊಡ್ಡ ಕಂಪೆನಿಗಳು ತಮ್ಮ ನೌಕರರ ಒತ್ತಡ ಇಳಿಸಲು ಸಲಹೆಗಾರರನ್ನು ನೇಮಿಸಿಕೊಳ್ಳುತ್ತವೆ, ಪ್ರವಾಸಕ್ಕೆ ಕಳಿಸುತ್ತವೆ. ಆದರೆ ಒಬ್ಬ ಯಜಮಾನನ ಕೈಕೆಳಗೆ ಹತ್ತು ಹದಿನೈದು ಮಂದಿ ದುಡಿಯುವ ಜಾಗಗಳೇ ನಮ್ಮ ದೇಶದಲ್ಲಿ ಲೆಕ್ಕವಿಲ್ಲದಷ್ಟಿವೆ. ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತೇ ಇರುವವನು, ದರ್ಜಿ ಅಂಗಡಿಯಲ್ಲಿ ಕಾಜಾ ಹೊಲಿಯುವ ಹುಡುಗ, ಒಂದು ಕಾಲದ ಮುದ್ರಣಾಲಯದಲ್ಲಿ ಮೊಳೆ ಜೋಡಿಸುತ್ತಿದ್ದವನು, ಇವರಿಗೆ ಯಾವ ಸಲಹೆಗಾರನೂ ಇರಲಿಲ್ಲ. ಇವರ ಬಿಡುವಿಗೂ ಒಂದು ಚರಿತ್ರೆ ಇದೆ. ಅದರ ಒಂದು ಅಧ್ಯಾಯವನ್ನಾದರೂ ನೋಡೋಣವೆಂದು ನಾವು ಬೀಡಿ ಕೆಲಸವನ್ನು ಆರಿಸಿಕೊಂಡಿದ್ದೇವೆ. ಕರಾವಳಿಯಲ್ಲೂ ಹಳೆಯ ಮೈಸೂರಿನ ಪಟ್ಟಣಗಳಲ್ಲೂ ಸಾವಿರಾರು ಮನೆಗಳ ಒಲೆ ಉರಿಸಿದ ಕಸುಬು ಅದು. ಮುಸ್ಲಿಮರ ಕೇರಿಗಳಲ್ಲಂತೂ ಬೀಡಿಯ ಮೊರ ಇಲ್ಲದ ಮನೆಯನ್ನು ಹುಡುಕಬೇಕಾದ ಕಾಲವೊಂದಿತ್ತು.

ಮೊದಲು ಕೆಲಸದ ಸ್ವರೂಪವನ್ನು ತಿಳಿಯಬೇಕು. ಒಣಗಿದ ಬೀಡಿ ಎಲೆಯನ್ನು ನೀರಿನಲ್ಲಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಮೆತ್ತಗಾದ ಮೇಲೆ ತಗಡಿನ ಅಚ್ಚಿಟ್ಟು ಕತ್ತರಿಯಿಂದ ಕತ್ತರಿಸಬೇಕು. ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ಎಲೆಯ ಮೇಲೆ ಚಿಟಿಕೆ ಹೊಗೆಸೊಪ್ಪಿನ ಪುಡಿ ಹರಡಿ, ಬೆರಳ ತುದಿಯಲ್ಲಿ ಸುರುಳಿ ಸುತ್ತಿ, ಬಾಯಿ ಮಡಚಿ, ನೂಲು ಕಟ್ಟಬೇಕು. ಇಪ್ಪತ್ತೈದಕ್ಕೆ ಒಂದು ಕಟ್ಟು. ಕೂಲಿಯ ಲೆಕ್ಕ ಸಾವಿರಕ್ಕೆ. ಸಾವಿರ ಬೀಡಿಯನ್ನು ಹತ್ತು ಗಂಟೆಯಲ್ಲಿ ಮುಗಿಸಬೇಕೆಂದರೆ ಒಂದು ಬೀಡಿಗೆ ಸಿಗುವುದು 36 ಸೆಕೆಂಡು. ಎಲೆ ಕತ್ತರಿಸುವ ವೇಳೆಯೂ ಅದರೊಳಗೇ ಸೇರಿದೆ. ಬೆನ್ನು ಬಗ್ಗಿರುತ್ತದೆ, ಕಾಲು ಜೋಮು ಹಿಡಿಯುತ್ತದೆ, ಹೊಗೆಸೊಪ್ಪಿನ ಧೂಳು ಮೂಗಿಗೂ ಗಂಟಲಿಗೂ ಇಳಿಯುತ್ತದೆ. ಇಷ್ಟಾದರೂ ಮನಸ್ಸಿಗೆ ಮಾಡಲು ಏನೂ ಇರುವುದಿಲ್ಲ. ಪಳಗಿದ ಕೈಗೆ ಕಣ್ಣಿನ ಕಾವಲೂ ಅಷ್ಟಾಗಿ ಬೇಕಾಗುವುದಿಲ್ಲ. ಒಂದೇ ಕೆಲಸವನ್ನು ದಿನಕ್ಕೆ ಸಾವಿರ ಸಲ ಮಾಡುವವನನ್ನು ಮೈಯ ದಣಿವಿಗಿಂತ ಹೆಚ್ಚಾಗಿ ತಿನ್ನುವುದು ಈ ಬರಿದಾದ ಮನಸ್ಸು.

ಆದರೆ ಈ ಕೆಲಸಕ್ಕೆ ಒಂದು ಗುಣವಿದೆ. ಇದರಲ್ಲಿ ಯಂತ್ರವಿಲ್ಲ. ಹತ್ತಿಯ ಗಿರಣಿಯಲ್ಲಿ ಪಕ್ಕದವನು ಕೂಗಿದರೂ ಕೇಳಿಸುವುದಿಲ್ಲ. ಬೀಡಿ ಚಪ್ಪರದಲ್ಲಿ ಕತ್ತರಿಯ ಸದ್ದು ಬಿಟ್ಟರೆ ಮತ್ತೊಂದಿಲ್ಲ. ಕೈ ಕೆಲಸದಲ್ಲಿ, ಕಿವಿ ಖಾಲಿ. ಆ ಕಿವಿಗೆ ಏನನ್ನು ಹಾಕಬೇಕೆಂಬುದನ್ನು ಬೀಡಿ ಕಟ್ಟುವವರು ತಾವೇ ತೀರ್ಮಾನಿಸಿಕೊಂಡರು.

ಕಣ್ಣೂರು, ತಲಶ್ಶೇರಿಗಳಿದ್ದ ಉತ್ತರ ಮಲಬಾರಿನ ಬೀಡಿ ಚಪ್ಪರಗಳಲ್ಲಿ ಪತ್ರಿಕೆಯನ್ನು ಗಟ್ಟಿಯಾಗಿ ಓದುವ ಪದ್ಧತಿ ಬೆಳೆದಿತ್ತು. ಅಲ್ಲಿಯ ಬೀಡಿ ಕಂಪೆನಿಗಳಲ್ಲಿ ದೊಡ್ಡದಾದದ್ದರ ಯಜಮಾನಿಕೆ ಮಂಗಳೂರಿನದು. ಗಣೇಶ ಬೀಡಿಯ ಎಷ್ಟೋ ಲಕ್ಷ ಕಟ್ಟುಗಳು ಕಣ್ಣೂರಿನ ಕೈಗಳಿಂದ ಬಂದವು. ಕಂಪೆನಿ ದೊಡ್ಡದಾದರೂ ಕೆಲಸ ನಡೆಯುತ್ತಿದ್ದುದು ಗುತ್ತಿಗೆದಾರನ ಸಣ್ಣ ಸಣ್ಣ ಚಪ್ಪರಗಳಲ್ಲಿ. ಅಲ್ಲಿ ಕೂತವರಲ್ಲಿ ಓದು ಬಲ್ಲವನೊಬ್ಬ ಮೊರವನ್ನು ಪಕ್ಕಕ್ಕಿಟ್ಟು ಪತ್ರಿಕೆ ಹಿಡಿಯುತ್ತಿದ್ದ. ಅವನು ಓದುವಷ್ಟು ಹೊತ್ತು ಅವನ ಬೀಡಿ ನಿಲ್ಲುತ್ತದೆ, ಅವನ ಕೂಲಿಯೂ ನಿಲ್ಲುತ್ತದೆ. ಅದಕ್ಕೆ ಉಳಿದವರು ಕಂಡುಕೊಂಡ ಉಪಾಯ ಸರಳವಾದದ್ದು: ತಾವು ಕಟ್ಟಿದ ಬೀಡಿಗಳಲ್ಲಿ ಒಂದಿಷ್ಟನ್ನು ಅವನ ಲೆಕ್ಕಕ್ಕೆ ಹಾಕುವುದು. ಇಪ್ಪತ್ತು ಮಂದಿ ತಲಾ ಹತ್ತು ಬೀಡಿ ಕೊಟ್ಟರೂ ಇನ್ನೂರಾಗುತ್ತದೆ. ಯಜಮಾನನ ಖಜಾನೆಯಿಂದ ಒಂದು ಕಾಸೂ ಇದಕ್ಕೆ ಹೋಗಲಿಲ್ಲ ಎನ್ನುವುದನ್ನು ಗಮನಿಸಬೇಕು. ಬಿಡುವಿನ ಖರ್ಚನ್ನು ದುಡಿಯುವವರೇ ಬೀಡಿಯ ನಾಣ್ಯದಲ್ಲಿ ಹಂಚಿಕೊಂಡರು.

ಏನನ್ನು ಓದುತ್ತಿದ್ದರು? ಮೊದಲಿಗೆ ಆಯಾ ದಿನದ ಪತ್ರಿಕೆ, ಆಮೇಲೆ ಕಥೆ ಕಾದಂಬರಿ. 1930ರ ದಶಕದಲ್ಲಿ ಪಿ. ಕೃಷ್ಣ ಪಿಳ್ಳೈ, ಎ.ಕೆ. ಗೋಪಾಲನ್ ಮೊದಲಾದವರು ಮಲಬಾರಿನಲ್ಲಿ ಕಾರ್ಮಿಕರನ್ನು ಸಂಘಟಿಸತೊಡಗಿದಾಗ ಬೀಡಿ ಚಪ್ಪರ ಅವರಿಗೆ ಸಿದ್ಧವಾದ ಸಭೆಯಂತೆ ಸಿಕ್ಕಿತು. ದೇಶಾಭಿಮಾನಿ 1942ರಲ್ಲಿ ವಾರಪತ್ರಿಕೆಯಾಗಿ ಹೊರಟು 1946ರಲ್ಲಿ ದಿನಪತ್ರಿಕೆಯಾದ ಮೇಲೆ ಓದಲು ಇನ್ನಷ್ಟು ಸರಕು ಬಂತು. ರಾಜಕೀಯ ಚರಿತ್ರೆ ಬರೆದವರು ಇದನ್ನು ಪಕ್ಷದ ಪ್ರಚಾರವೆಂದಷ್ಟೇ ನೋಡಿ ಮುಂದೆ ಹೋಗಿದ್ದಾರೆ. ನಮಗೆ ಅದು ಅರ್ಧ ಮಾತು ಎನ್ನಿಸುತ್ತದೆ. ಪ್ರಚಾರಕ್ಕಾಗಿ ಯಾರೂ ತಮ್ಮ ಕೂಲಿಯಿಂದ ದಿನಾ ಹತ್ತು ಬೀಡಿ ತೆಗೆದುಕೊಡುವುದಿಲ್ಲ. ಅವರು ತೆತ್ತದ್ದು ಆ ಚಪ್ಪರದಿಂದ ಸ್ವಲ್ಪ ಹೊತ್ತು ಹೊರಗೆ ಹೋಗುವುದಕ್ಕೆ. ಮೈ ಅಲ್ಲೇ ಕೂತಿರುತ್ತದೆ. ಮನಸ್ಸು ದೂರದ ಯುದ್ಧದ ಸುದ್ದಿಗೋ, ಕಾದಂಬರಿಯ ವಿಧವೆಯ ಸಂಕಟಕ್ಕೋ ಹೋಗಿ ಬರುತ್ತದೆ. ಅಕ್ಷರ ಬಾರದವನಿಗೂ ಅಲ್ಲಿ ಪಾಲಿತ್ತು. ಓದಿ ಮುಗಿದ ಮೇಲಿನ ವಾಗ್ವಾದದಲ್ಲಿ ಅವನ ದನಿ ಕೆಲವೊಮ್ಮೆ ಎಲ್ಲರಿಗಿಂತ ದೊಡ್ಡದಾಗಿಯೂ ಇರುತ್ತಿತ್ತು.

ಇದು ಮಲಬಾರಿನವರಿಗೆ ಮಾತ್ರ ಹೊಳೆದ ಉಪಾಯವೂ ಅಲ್ಲ. ಬೀಡಿಯ ಶ್ರೀಮಂತ ದಾಯಾದಿಯಾದ ಚುರುಟನ್ನು ಕೈಯಲ್ಲೇ ಸುತ್ತುವ ಕ್ಯೂಬಾ ದ್ವೀಪದಲ್ಲಿ ಇದು ಇನ್ನೂ ಹಳೆಯದು. ಹವಾನಾ ನಗರದ ಎಲ್ ಫಿಗರೊ ಎಂಬ ಚುರುಟು ಕಾರ್ಖಾನೆಯಲ್ಲಿ 1865ರ ಡಿಸೆಂಬರಿನಲ್ಲಿ ಕಾರ್ಮಿಕರಿಗಾಗಿ ಗಟ್ಟಿಯಾಗಿ ಓದುವುದು ಆರಂಭವಾಯಿತು. ಅದಕ್ಕೆ ಒತ್ತಾಸೆಯಾದವರಲ್ಲಿ ಸ್ವತಃ ಚುರುಟು ಸುತ್ತುತ್ತಿದ್ದ ಕವಿ ಸಾತುರ್ನಿನೊ ಮಾರ್ಟಿನೆಸ್ ಒಬ್ಬ. ಅವನು ಅದೇ ವರ್ಷ ಲಾ ಅರೋರಾ ಎಂಬ ಕಾರ್ಮಿಕರ ಪತ್ರಿಕೆಯನ್ನೂ ಹೊರಡಿಸಿದ್ದ. ಮರುವರ್ಷದ ಹೊತ್ತಿಗೆ ಇತರ ಕಾರ್ಖಾನೆಗಳಿಗೂ ಓದು ಹಬ್ಬಿತು. ಓದುಗನಿಗೆ ಎತ್ತರದ ಪೀಠ; ಅವನ ಸಂಬಳ ಕಾರ್ಮಿಕರು ವಾರವಾರ ಕೊಡುವ ವಂತಿಗೆಯಿಂದ. ಯಾವ ಪುಸ್ತಕ ಓದಬೇಕೆಂಬುದನ್ನೂ ಅವರೇ ಆರಿಸುತ್ತಿದ್ದರು. ಮೆಚ್ಚಿಗೆಯಾದಾಗ ಎಲೆ ಕತ್ತರಿಸುವ ಬಾಗಿದ ಚಾಕುವನ್ನು ಮರದ ಹಲಗೆಗೆ ಟಕಟಕನೆ ಬಡಿಯುವುದು ಅಲ್ಲಿಯ ಚಪ್ಪಾಳೆ. ಯಜಮಾನರು ಆರಂಭದಲ್ಲಿ ಸಹಿಸಿಕೊಂಡರು. ಕೇಳುತ್ತ ಕೂತವನು ಎದ್ದು ಹೋಗುವುದಿಲ್ಲ, ಪಕ್ಕದವನ ಜತೆ ಹರಟೆಗೆ ಇಳಿಯುವುದಿಲ್ಲ, ಕೈಯೂ ನಿಲ್ಲುವುದಿಲ್ಲ. ಈ ಲಾಭ ಮಂಗಳೂರಿನ ಗುತ್ತಿಗೆದಾರನಿಗೂ ತಿಳಿಯದೆ ಇದ್ದಿರಲಾರದು. ಓದಿನಿಂದ ದುಡಿಮೆಯ ಹೊರೆ ಹಗುರವಾಯಿತು ಎನ್ನುವಾಗ ದುಡಿಮೆ ಹೆಚ್ಚೂ ಆಯಿತು ಎನ್ನುವುದನ್ನು ಮರೆಯಬಾರದು.

ಆದರೆ ಸರಕಾರಕ್ಕೆ ಬೇರೆಯೇ ಭಯ. ಕ್ಯೂಬಾವನ್ನು ಆಳುತ್ತಿದ್ದ ಸ್ಪೇನಿನ ಅಧಿಕಾರಿ 1866ರ ಮೇ ತಿಂಗಳಲ್ಲಿ ಆಜ್ಞೆ ಹೊರಡಿಸಿ, ಕಾರ್ಖಾನೆಗಳಲ್ಲಿ ಪುಸ್ತಕ ಪತ್ರಿಕೆಗಳನ್ನು ಓದಿ ಕಾರ್ಮಿಕರ ಗಮನ ಬೇರೆಡೆಗೆ ಸೆಳೆಯುವುದನ್ನು ನಿಷೇಧಿಸಿದ. ಓದು ಆರಂಭವಾಗಿ ಇನ್ನೂ ಆರು ತಿಂಗಳಾಗಿರಲಿಲ್ಲ. ನಿಷೇಧ ಬಂದರೂ ಓದು ಸಾಯಲಿಲ್ಲ. ಕ್ಯೂಬಾದಿಂದ ವಲಸೆ ಹೋದ ಕೆಲಸಗಾರರ ಜತೆ ಸಮುದ್ರ ದಾಟಿ ಅಮೆರಿಕದ ಫ್ಲಾರಿಡಾಕ್ಕೆ ಹೋಯಿತು. ಅಲ್ಲಿಯ ಟಾಂಪಾ ನಗರದ ಚುರುಟು ಕೆಲಸಗಾರರ ನಡುವೆ 1891ರಲ್ಲಿ ಕ್ಯೂಬಾದ ಸ್ವಾತಂತ್ರ್ಯದ ನಾಯಕ ಹೊಸೆ ಮಾರ್ತಿ ಬಂದು ಮಾತನಾಡಿದಾಗ, ಅವನ ಮಾತನ್ನು ತೂಗಿ ನೋಡಬಲ್ಲ ಕಿವಿಗಳು ಆಗಲೇ ತಯಾರಾಗಿದ್ದವು. ಕೊನೆಗೆ 1931ರಲ್ಲಿ ಟಾಂಪಾದ ಮಾಲೀಕರು ಓದುಗರು ಕೆಂಪು ವಿಚಾರಗಳನ್ನು ಹಬ್ಬಿಸುತ್ತಾರೆಂದು ದೂರಿ ಪೀಠಗಳನ್ನೇ ಕಿತ್ತುಹಾಕಿದರು. ಕಾರ್ಮಿಕರು ಕೆಲಸ ನಿಲ್ಲಿಸಿ ಹೋರಾಡಿದರು, ಸೋತರು. ಓದುಗನ ಜಾಗಕ್ಕೆ ರೇಡಿಯೋ ಬಂತು. ರೇಡಿಯೋಕ್ಕೆ ಏನನ್ನು ಓದು ಎಂದು ಹೇಳುವ ಹಾಗಿಲ್ಲ, ಓದಿದ್ದನ್ನು ಇನ್ನೊಮ್ಮೆ ಓದು ಎನ್ನುವ ಹಾಗೂ ಇಲ್ಲ. ಒಬ್ಬರಿಂದೊಬ್ಬರು ಕಲಿಯದೆಯೇ ಹವಾನಾ ಮತ್ತು ಕಣ್ಣೂರು ಒಂದೇ ಉಪಾಯಕ್ಕೆ ಬಂದದ್ದು ಕೆಲಸದ ಗುಣದಿಂದ ಎಂದು ನಮ್ಮ ಅನಿಸಿಕೆ.

ಹಳೆಯ ಮೈಸೂರಿನ ಪಟ್ಟಣಗಳ ಮೊಹಲ್ಲಾಗಳಲ್ಲಿ ಇದರದ್ದೇ ಒಂದು ಉರ್ದು ರೂಪ ಇತ್ತು. ನಾವು ಉರ್ದು ಶಾಲೆಗೆ ಹೋಗುತ್ತಿದ್ದ ಕಾಲಕ್ಕೆ ಅದು ಕೊನೆಯುಸಿರು ಎಳೆಯುತ್ತಿತ್ತು. ಮಸೀದಿಯ ಹಿಂದಿನ ಓಣಿಯಲ್ಲಿ ಹೆಂಚು ಹೊದಿಸಿದ ಉದ್ದನೆಯ ಕೋಣೆಯೊಂದನ್ನು ಎಲ್ಲರೂ ಕಾರ್ಖಾನಾ ಎಂದೇ ಕರೆಯುತ್ತಿದ್ದರು. ಒಳಗೆ ಹನ್ನೆರಡು ಹದಿನೈದು ಜನ. ಬೆಳಿಗ್ಗೆ ಬೆಂಗಳೂರಿನಿಂದ ಬರುವ ಉರ್ದು ಪತ್ರಿಕೆ, ಮಧ್ಯಾಹ್ನ ಊಟವಾದ ಮೇಲೆ ಇಬ್ನೆ ಸಫಿಯ ಪತ್ತೇದಾರಿ ಕಾದಂಬರಿ. 1952ರಲ್ಲಿ ಅಲಹಾಬಾದಿನಿಂದ ಆರಂಭವಾದ ಜಾಸೂಸಿ ದುನಿಯಾ ಮಾಲೆಯ ಪುಸ್ತಕಗಳು ಬಾಡಿಗೆಗೆ ಸಿಗುತ್ತಿದ್ದವು, ದಿನದ ಲೆಕ್ಕದಲ್ಲಿ ಪುಡಿಗಾಸಿಗೆ. ಓದುವವರನ್ನು ನಾವೆಲ್ಲ ಚಾಚಾ ಎನ್ನುತ್ತಿದ್ದೆವು. ಕೊಲೆಗಾರ ಯಾರೆಂದು ಗೊತ್ತಾಗುವ ಪುಟಕ್ಕೆ ಬಂದಾಗ ಅವರು ಬೇಕೆಂದೇ ಕನ್ನಡಕ ತೆಗೆದು ಒರೆಸುತ್ತಿದ್ದರು. "ಪಢೋ ಚಾಚಾ, ದಮ್ ಮತ್ ನಿಕಾಲೋ" ಎಂದು ಹಿಂದಿನ ಸಾಲಿನವರು ಕೂಗಬೇಕು, ಆಮೇಲೆ ಮುಂದಿನ ವಾಕ್ಯ. ಉರ್ದು ಸಾಹಿತ್ಯದ ಪಂಡಿತರು ಬಹುಕಾಲ ಇಬ್ನೆ ಸಫಿಯನ್ನು ಸಾಹಿತಿಯೆಂದೇ ಒಪ್ಪಲಿಲ್ಲ. ನಮ್ಮ ಮೊಹಲ್ಲಾದ ಬೀಡಿ ಕಟ್ಟುವವರ ಬಾಯಲ್ಲಿ ಚೊಕ್ಕ ಉರ್ದು ಉಳಿಯುವುದಕ್ಕೆ ಅವರ ಪುಸ್ತಕಗಳಷ್ಟು ಯಾವ ಪಂಡಿತನ ಪುಸ್ತಕವೂ ಸಹಾಯ ಮಾಡಲಿಲ್ಲ ಎನ್ನುವುದು ಬೇರೆ ಮಾತು.

ಆ ಕೋಣೆಯಲ್ಲಿ ಬೀಡಿಯ ಬಾಯಿ ಮಡಚಲು ಕೂತ ಹುಡುಗರೂ ಇದ್ದರು, ಶಾಲೆಯಲ್ಲಿ ಇರಬೇಕಾದವರು. 1986ರ ಬಾಲಕಾರ್ಮಿಕ ಕಾಯ್ದೆ ಬೀಡಿ ಕಟ್ಟುವ ಕೆಲಸಕ್ಕೆ ಮಕ್ಕಳನ್ನು ಹಚ್ಚುವುದನ್ನು ನಿಷೇಧಿಸಿತು. ಅದಕ್ಕೆ ಮುಂಚಿನವರಿಗೆ ಕಾದಂಬರಿ ಕೇಳುವ ಸುಖ ಇತ್ತೆಂದು ಹೇಳಿ ಅವರ ಬಾಲ್ಯ ಹೋದದ್ದನ್ನು ಸಿಹಿ ಮಾಡುವ ಇಚ್ಛೆ ನಮಗಿಲ್ಲ. ಕೆಮ್ಮು, ದಮ್ಮು, ಕ್ಷಯಗಳ ಕಥೆಯೂ ಆ ಕೋಣೆಯದೇ.

ಓದು ಬಿಟ್ಟರೆ ಬೀಡಿ ಕಟ್ಟುವವನಿಗೆ ಇದ್ದ ಇನ್ನೊಂದು ಬಿಡುವು ಎದ್ದು ಹೋಗುವ ಸ್ವಾತಂತ್ರ್ಯ. ಕೂಲಿ ಸಾವಿರದ ಲೆಕ್ಕದಲ್ಲಿ ಇದ್ದುದರಿಂದ ಗಂಟೆಯ ಹಿಡಿತ ಸಡಿಲವಾಗಿತ್ತು. ಬೆನ್ನು ಹಿಡಿದರೆ ಚಹಾ ಅಂಗಡಿಗೆ ಹೋಗಬಹುದು, ನಮಾಜಿಗೆ ಹೋಗಿ ಬರಬಹುದು, ಸಂತೆಯ ದಿನ ಬೇಗ ಎದ್ದು ಹೋಗಬಹುದು. ಕಳೆದುಕೊಳ್ಳುವುದು ತನ್ನ ಕೂಲಿಯನ್ನೇ. ಈ ಪುಟ್ಟ ಸ್ವಾತಂತ್ರ್ಯ ಕೋರ್ಟಿನಲ್ಲಿ ಅವನ ವಿರುದ್ಧವೇ ಸಾಕ್ಷಿ ಹೇಳಿದ ಕಥೆ ವಿಚಿತ್ರವಾದದ್ದು.

1948ರ ಫ್ಯಾಕ್ಟರಿ ಕಾಯ್ದೆಯಲ್ಲಿ ಸಂಬಳ ಸಹಿತ ರಜೆಯ ಹಕ್ಕಿತ್ತು. ನಾಗಪುರದ ಕಡೆಯ ಬೀಡಿ ಕಾರ್ಖಾನೆಯೊಂದರ ಕೆಲಸಗಾರರು ಹದಿನೈದು ದಿನ ರಜೆ ಹಾಕಿದರು. ಯಜಮಾನ ಆ ದಿನಗಳ ಸಂಬಳ ಕೊಡಲಿಲ್ಲ. ಬಿರ್ದಿಚಂದ್ ಶರ್ಮಾ ಮೊಕದ್ದಮೆ ಎಂದು ಹೆಸರಾದ ಈ ತಕರಾರು ಸುಪ್ರೀಂ ಕೋರ್ಟಿಗೆ ಹೋಯಿತು. ಇವರು ಮನಸ್ಸು ಬಂದಾಗ ಬರುತ್ತಾರೆ, ಮನಸ್ಸು ಬಂದಾಗ ಹೋಗುತ್ತಾರೆ, ಆದ್ದರಿಂದ ಇವರು ನಮ್ಮ ಕೆಲಸಗಾರರೇ ಅಲ್ಲ ಎಂಬುದು ಯಜಮಾನನ ವಾದ. 1960ರ ಡಿಸೆಂಬರಿನಲ್ಲಿ ಕೋರ್ಟು ಅದನ್ನು ಒಪ್ಪಲಿಲ್ಲ. ಮಧ್ಯಾಹ್ನದ ಮೇಲೆ ಬಂದವರಿಗೆ ಅಲ್ಲಿ ಕೆಲಸ ಕೊಡುವುದಿಲ್ಲ, ಹೇಳದೆ ಎಂಟು ದಿನ ಬಾರದಿದ್ದರೆ ತೆಗೆದುಹಾಕಬಹುದು, ಚೆನ್ನಾಗಿಲ್ಲದ ಬೀಡಿಯನ್ನು ತಿರಸ್ಕರಿಸಬಹುದು. ಹಿಡಿತ ಎನ್ನುವುದಕ್ಕೆ ಇನ್ನೇನು ಬೇಕು ಎಂಬ ಧಾಟಿಯಲ್ಲಿ ನ್ಯಾಯಾಲಯ ಕೆಲಸಗಾರರ ಕಡೆ ನಿಂತಿತು. ಆದರೆ ಸ್ವಲ್ಪ ಕಾಲದಲ್ಲೇ ನಾಸಿಕದ ಕಡೆಯ ಇನ್ನೊಂದು ಬೀಡಿ ಕಾರ್ಖಾನೆಯ ಮೊಕದ್ದಮೆ ಬಂತು. ಅಲ್ಲಿ ಎಪ್ಪತ್ತು ದಿನ ಬೀಡಿ ಕಟ್ಟಿದ ಒಬ್ಬನಿಗೆ ನಾಲ್ಕು ದಿನದ ರಜೆಯ ಸಂಬಳ ಬಾಕಿ ಇತ್ತು. ನಾಲ್ಕೇ ದಿನ! ಶಂಕರ ಬಾಲಾಜಿ ವಾಜೆ ಮೊಕದ್ದಮೆಯೆಂದು ಕಾನೂನು ಪುಸ್ತಕಗಳಲ್ಲಿ ದಾಖಲಾಗಿರುವ ಈ ತೀರ್ಪಿನಲ್ಲಿ ಬಹುಮತದ ನ್ಯಾಯಾಧೀಶರು, ಬರುವ ಹೋಗುವ ವೇಳೆಯ ಮೇಲೆ ಯಜಮಾನನ ಹಿಡಿತ ಇಲ್ಲದ ಕಾರಣ ಅವನು ಕಾಯ್ದೆಯ ಅರ್ಥದಲ್ಲಿ ಕೆಲಸಗಾರನೇ ಅಲ್ಲ ಎಂದರು. ನ್ಯಾಯಮೂರ್ತಿ ಸುಬ್ಬರಾವ್ ಭಿನ್ನಾಭಿಪ್ರಾಯ ಬರೆದರು. ಚಹಾಕ್ಕೆ ಎದ್ದು ಹೋಗುವ ಸ್ವಾತಂತ್ರ್ಯ ಇದ್ದವನಿಗೆ ರಜೆಯ ಹಕ್ಕು ಇಲ್ಲ ಎಂದಾಯಿತು. ತಾನೇ ಕದ್ದುಕೊಂಡ ಹತ್ತು ನಿಮಿಷಕ್ಕೆ ಅವನು ತೆತ್ತ ದಂಡ ಇದು.

ಈ ಗೋಜಲನ್ನು ಬಿಡಿಸಲೆಂದೇ 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಬಂತು. ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ಐದು ಗಂಟೆ ಕೆಲಸವಾದರೆ ಅರ್ಧ ಗಂಟೆಯ ವಿಶ್ರಾಂತಿ ಕೊಡಲೇಬೇಕು, ವಾರಕ್ಕೊಂದು ರಜೆ, ದುಡಿದ ಇಪ್ಪತ್ತು ದಿನಕ್ಕೆ ಒಂದು ದಿನದ ಸಂಬಳ ಸಹಿತ ರಜೆ. ಗುತ್ತಿಗೆದಾರನ ಹಿಂದೆ ಅಡಗಿದ್ದ ಕಂಪೆನಿಯೇ ಹೊಣೆ ಹೊರಬೇಕು, ಮನೆಯಲ್ಲಿ ಬೀಡಿ ಕಟ್ಟಿಕೊಡುವವರೂ ನೌಕರರೇ ಎಂದಿತು ಕಾಯ್ದೆ. ಕಂಪೆನಿಗಳು ಕೋರ್ಟಿಗೆ ಹೋದವು; 1974ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಆ ತೀರ್ಪು ಇಂದಿಗೂ ಕಾನೂನಿನ ವಿದ್ಯಾರ್ಥಿಗಳಿಗೆ ಮಂಗಳೂರು ಗಣೇಶ ಬೀಡಿ ವರ್ಕ್ಸ್ ಮೊಕದ್ದಮೆ ಎಂದೇ ಪರಿಚಿತ.

ಕಾಗದದ ಮೇಲೆ ಬೀಡಿ ಕಾರ್ಮಿಕರು ಇಷ್ಟು ದೊಡ್ಡ ಗೆಲುವನ್ನು ಎಂದೂ ಕಂಡಿರಲಿಲ್ಲ. ಆದರೆ ಅರ್ಧ ಗಂಟೆಯ ವಿಶ್ರಾಂತಿ ಕೊಡಬೇಕೆಂದರೆ ಆ ವಿಶ್ರಾಂತಿಯನ್ನು ಪಡೆಯುವವರು ಒಂದು ಸೂರಿನ ಕೆಳಗೆ ಇರಬೇಕು. ಸೂರನ್ನೇ ತೆಗೆದುಬಿಟ್ಟರೆ? ಕೇರಳ ಸರಕಾರ 1968ರಲ್ಲಿ ಕಾಯ್ದೆಯನ್ನು ಗಟ್ಟಿಯಾಗಿ ಜಾರಿಮಾಡಲು ಹೊರಟಾಗ ಮಂಗಳೂರಿನ ಕಂಪೆನಿ ಕಣ್ಣೂರಿನ ತನ್ನ ಬ್ರಾಂಚುಗಳನ್ನು ಮುಚ್ಚಿತು. ಸುಮಾರು 12,000 ಮಂದಿ ಬೀದಿಗೆ ಬಿದ್ದರು. ಅವರಲ್ಲಿ ಕೆಲವರು ಸರಕಾರದ ಸಾಲದ ನೆರವಿನಿಂದ 1969ರ ಫೆಬ್ರವರಿಯಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿಕೊಂಡರು. ತಾವೇ ಯಜಮಾನರಾದ ಆ ಚಪ್ಪರಗಳಲ್ಲಿ ಅವರು ಉಳಿಸಿಕೊಂಡದ್ದರಲ್ಲಿ ಓದು ಒಂದು. ಬೆಳಿಗ್ಗೆ ಪತ್ರಿಕೆ, ಆಮೇಲೆ ಕಾದಂಬರಿ. ಓದುವವನ ಪಾಲಿನ ಬೀಡಿ ಉಳಿದವರದು. ಸಂಘ ಉಚ್ಛ್ರಾಯದಲ್ಲಿದ್ದಾಗ ನಲವತ್ತು ಸಾವಿರಕ್ಕೂ ಹೆಚ್ಚು ಜನ ಅಲ್ಲಿ ದುಡಿಯುತ್ತಿದ್ದರು. ಆಮೇಲೆ ಬೀಡಿಯ ಬೇಡಿಕೆ ಇಳಿಯಿತು. 1990ರ ದಶಕದ ಕೊನೆಯ ಹೊತ್ತಿಗೆ ಸಂಘ ಕೊಡೆ, ಬಟ್ಟೆ, ಆಹಾರ ಪದಾರ್ಥಗಳ ಕಡೆ ತಿರುಗಿತು.

ನಮ್ಮ ಕರಾವಳಿಯಲ್ಲಿ ಆದದ್ದು ಬೇರೆ. ಇಲ್ಲಿಯ ಚಪ್ಪರಗಳು ಒಂದೊಂದಾಗಿ ಖಾಲಿಯಾಗಿ ಕೆಲಸ ಮನೆಗಳಿಗೆ ಹಂಚಿಹೋಯಿತು. ಗಂಡಸರು ಮುಂಬಯಿಗೆ, ಕೊಲ್ಲಿ ದೇಶಗಳಿಗೆ, ಮೀನಿನ ಬೋಟುಗಳಿಗೆ ಹೋದರು. ಬೀಡಿಯ ಮೊರ ಹೆಂಗಸರ ಮಡಿಲಿಗೆ ಬಂತು. ಬಂಟ್ವಾಳ, ಪುತ್ತೂರು, ಉಳ್ಳಾಲ ಕಡೆಯ ಬ್ಯಾರಿ ಹೆಂಗಸರು, ಬಿಲ್ಲವ ಹೆಂಗಸರು, ಯಾವ ಜಾತಿ ಧರ್ಮವೆಂದಿಲ್ಲದೆ ಬಡ ಮನೆಯ ಹೆಂಗಸರೆಲ್ಲ ಬೀಡಿ ಕಟ್ಟಿದರು. ಆ ಹಣದಲ್ಲಿ ಮಕ್ಕಳು ಓದಿದ್ದಾರೆ, ಹೆಣ್ಣುಮಕ್ಕಳ ಮದುವೆಗಳಾಗಿವೆ, ಮಣ್ಣಿನ ಗೋಡೆಗಳು ಕಲ್ಲಿನ ಗೋಡೆಗಳಾಗಿವೆ. ಹೊರಗೆ ಹೋಗಲು ಬಿಡದ ಮನೆಗಳ ಹೆಣ್ಣುಮಕ್ಕಳಿಗೆ ತಮ್ಮದೆನ್ನುವ ನಾಲ್ಕು ಕಾಸು ಸಿಕ್ಕಿದ್ದೂ ಇದರಿಂದಲೇ. ಇದನ್ನು ಕಡೆಗಣಿಸಿ ಮಾತನಾಡುವುದು ಅನ್ಯಾಯ. ಹೋರಾಟದ ಫಲವಾಗಿ ಪ್ರಾವಿಡೆಂಟ್ ಫಂಡ್ 1977ರಲ್ಲಿ ಬೀಡಿ ಉದ್ಯಮಕ್ಕೂ ಬಂತು, ಮನೆಯಲ್ಲಿ ಕಟ್ಟುವವರಿಗೂ ಅದು ಸಲ್ಲಬೇಕೆಂದು 1985ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಮಂಗಳೂರಿನ ಸುತ್ತಮುತ್ತ ಸಂಘಟನೆ ಬಲವಾಗಿದ್ದುದರಿಂದ ಇದು ಇತರ ಕಡೆಗಳಿಗಿಂತ ಹೆಚ್ಚು ಜನರ ಕೈಗೆ ತಲುಪಿತು.

ಹಣದ ಹಕ್ಕು ಮನೆಯ ತನಕ ಬಂತು, ಬಿಡುವಿನ ಹಕ್ಕು ಬರಲಿಲ್ಲ. ಐದು ಗಂಟೆಯಾದ ಮೇಲೆ ಅರ್ಧ ಗಂಟೆ ಎನ್ನುವ ನಿಯಮವನ್ನು ಅಡುಗೆಮನೆಯ ಬಾಗಿಲಲ್ಲಿ ಯಾರು ನಿಂತು ಜಾರಿಮಾಡುತ್ತಾರೆ? ಚಪ್ಪರದ ಗಂಡಸಿಗೆ ಸಂಜೆಯಾದರೆ ಕೆಲಸ ಮುಗಿಯುತ್ತಿತ್ತು. ಮನೆಯ ಹೆಂಗಸಿಗೆ ಅನ್ನ ಬೇಯುವಷ್ಟರಲ್ಲಿ ಎರಡು ಕಟ್ಟು, ಮಗು ಮಲಗಿದ ಮೇಲೆ ಐದು ಕಟ್ಟು. ಬೀಡಿಯಿಂದ ಬಿಡುವೆಂದರೆ ಬಟ್ಟೆ ಒಗೆಯುವುದು, ಬಟ್ಟೆ ಒಗೆಯುವುದರಿಂದ ಬಿಡುವೆಂದರೆ ಬೀಡಿ. ಮತ್ತು ಓದುವವನು ಎಲ್ಲಿ? ಒಬ್ಬಳೇ ಕೂತವಳಿಗೆ ಯಾರು ಓದಿ ಹೇಳಬೇಕು, ಅದಕ್ಕೆ ಯಾರು ಬೀಡಿಯ ಪಾಲು ಕೊಡಬೇಕು? ಇಪ್ಪತ್ತು ಮಂದಿ ಒಟ್ಟಿಗೆ ಕೂತಾಗ ಮಾತ್ರ ನಡೆಯುತ್ತಿದ್ದ ಲೆಕ್ಕ ಅದು. ಸೂರು ಒಡೆದಾಗ ಕೂಲಿಯ ಚೌಕಾಸಿಯ ಬಲ ಹೋಯಿತು ಎಂದು ಸಂಘದವರು ಬರೆದಿದ್ದಾರೆ, ಅದು ನಿಜ. ಆ ಒಟ್ಟು ಕಿವಿಯೂ ಜತೆಗೇ ಹೋಯಿತು.

ಹಾಗೆಂದು ಹೆಂಗಸರು ಸುಮ್ಮನೆ ಕೂಡಲಿಲ್ಲ. ಮಧ್ಯಾಹ್ನದ ಹೊತ್ತು ನೆರೆಮನೆಯ ಜಗಲಿಯಲ್ಲಿ ನಾಲ್ಕೈದು ಮೊರಗಳು ಸೇರುವುದನ್ನು ಕರಾವಳಿಯ ಹಳ್ಳಿಗಳಲ್ಲಿ ನಾವು ಎಷ್ಟೋ ಸಲ ನೋಡಿದ್ದೇವೆ. ಅಲ್ಲಿ ಪತ್ರಿಕೆ ಇಲ್ಲ, ಮದುವೆಯ ಮಾತು ಇದೆ, ಕೊಲ್ಲಿಯಿಂದ ಬಂದ ಕಾಗದದ ಮಾತು ಇದೆ, ಅತ್ತೆಯ ಮೇಲಿನ ದೂರು ಇದೆ. ಓದು ಬಲ್ಲ ಹುಡುಗಿಯೊಬ್ಬಳು ವಾರಪತ್ರಿಕೆಯ ಧಾರಾವಾಹಿಯನ್ನು ಓದಿ ಹೇಳುವುದೂ ಇತ್ತು. 1976ರ ಡಿಸೆಂಬರಿನಲ್ಲಿ ಆಕಾಶವಾಣಿಯ ಮಂಗಳೂರು ಕೇಂದ್ರ ಆರಂಭವಾದ ಮೇಲೆ ಜಗಲಿಯ ಮೂಲೆಯಲ್ಲಿ ರೇಡಿಯೋ ಕೂತಿತು. ತುಳು ಮಾತು, ಕನ್ನಡ ಚಿತ್ರಗೀತೆ, ಪ್ರದೇಶ ಸಮಾಚಾರ ಎಲ್ಲವೂ ಬೀಡಿಯ ಮೊರದ ಮೇಲಿನಿಂದಲೇ ಹಾದು ಹೋದವು. ರೇಡಿಯೋ ಕೈಯನ್ನು ನಿಲ್ಲಿಸುವುದಿಲ್ಲ. ಟೀವಿ ಬಂದ ಮೇಲೆ ತೊಂದರೆ ಶುರುವಾಯಿತು, ಅದು ಕಣ್ಣನ್ನೂ ಕೇಳುತ್ತದೆ. ಧಾರಾವಾಹಿ ನೋಡುತ್ತ ಕಟ್ಟಿದ ಬೀಡಿಯ ಬಾಯಿ ಸಡಿಲವಾಗಿ ಬ್ರಾಂಚಿನಲ್ಲಿ ತಿರಸ್ಕಾರವಾಗುತ್ತದೆ ಎಂದು ಹಿರಿಯ ಹೆಂಗಸರು ಸೊಸೆಯಂದಿರನ್ನು ಗದರುತ್ತಿದ್ದರು. ಟೀವಿ ಜಗಲಿಯನ್ನೂ ಖಾಲಿ ಮಾಡಿತು. ಅವರವರ ಮನೆಯ ಟೀವಿ ಮುಂದೆ ಅವರವರ ಮೊರ.

ಬೀಡಿ ಕಟ್ಟುವವರ ಬಿಡುವಿನ ಕಥೆ ಹೇಳುವಾಗ ಒಂದು ವ್ಯಂಗ್ಯವನ್ನು ಹೇಳದೆ ಬಿಡಲಾಗದು. ಅವರು ಕಟ್ಟಿದ್ದು ಬೇರೆಯವರ ಬಿಡುವನ್ನು. ಹಮಾಲಿ ಮೂಟೆ ಇಳಿಸಿ ಹಚ್ಚುವುದು ಬೀಡಿ, ಗಾಡಿಯವನು ಗಾಡಿ ನಿಲ್ಲಿಸಿ ಹಚ್ಚುವುದು ಬೀಡಿ, ಗಾರೆ ಕೆಲಸದವನು ಕಟ್ಟಡದ ನೆರಳಲ್ಲಿ ಕೂತು ಎಳೆಯುವುದೂ ಅದನ್ನೇ. ಯಾರೋ 36 ಸೆಕೆಂಡಿನಲ್ಲಿ ಕಟ್ಟಿದ್ದು ಇನ್ನಾರಿಗೋ ನಾಲ್ಕು ನಿಮಿಷದ ನೆಮ್ಮದಿ ಕೊಟ್ಟು ಎದೆಗೆ ರೋಗವನ್ನೂ ಕೊಟ್ಟಿತು. ಆ ರೋಗದ ಅರಿವು ಹೆಚ್ಚಿದ್ದರಿಂದ, ಸಿಗರೇಟು ಅಗ್ಗವಾದ್ದರಿಂದ, ತೆರಿಗೆ ಏರಿದ್ದರಿಂದ ಬೀಡಿಯ ಕೆಲಸ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಬಂದಿದೆ. ಇದಕ್ಕಾಗಿ ಅಳಬೇಕಾಗಿಲ್ಲ, ಆದರೆ ಮೊರ ಕೆಳಗಿಟ್ಟ ಹೆಣ್ಣುಮಕ್ಕಳು ಈಗ ಹೋಗುತ್ತಿರುವುದು ಎಲ್ಲಿಗೆ ಎಂದು ನೋಡಬೇಕು. ಬಟ್ಟೆ ಅಂಗಡಿಗೆ, ಗೇರುಬೀಜದ ಕಾರ್ಖಾನೆಗೆ, ಬೇಕರಿಯ ಪ್ಯಾಕಿಂಗಿಗೆ. ಅಲ್ಲಿಯೂ ಹತ್ತು ಹದಿನೈದು ಜನ. ಬಟ್ಟೆ ಅಂಗಡಿಗಳಲ್ಲಿ ಗಿರಾಕಿ ಇಲ್ಲದಾಗಲೂ ಕೂಡುವಂತಿಲ್ಲ ಎನ್ನುವ ಕಟ್ಟಳೆ ಎಷ್ಟು ಸಾಮಾನ್ಯವೆಂದರೆ, ಕೇರಳದಲ್ಲಿ ಸೇಲ್ಸ್ ಹುಡುಗಿಯರು ಕೂಡುವ ಹಕ್ಕಿಗಾಗಿಯೇ ಹೋರಾಡಬೇಕಾಯಿತು. ಅಲ್ಲಿಯ ಸರಕಾರ 2018ರಲ್ಲಿ ಕಾನೂನು ತಿದ್ದಿ ಅಂಗಡಿಯವರು ಕೂಡಲು ಆಸನ ಇಡಬೇಕೆಂದು ವಿಧಿಸಿತು. ದಿನವಿಡೀ ಕೂತು ಬೆನ್ನು ಮುರಿದುಕೊಂಡವರ ಮಕ್ಕಳು ದಿನವಿಡೀ ನಿಂತು ಕಾಲು ಊದಿಸಿಕೊಳ್ಳುತ್ತಿದ್ದಾರೆ. ಬಿಡುವಾದಾಗ ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಮೊಬೈಲು, ಒಬ್ಬೊಬ್ಬರ ಕಿವಿಗೂ ಬೇರೆ ಬೇರೆ ಹಾಡು.

ಮನೆಯಲ್ಲಿ ಬೀಡಿ ಕಟ್ಟುವುದು ಇನ್ನೂ ಉಳಿದಿರುವ ಊರುಗಳಲ್ಲಿ ಹೆಂಗಸರಿಗೆ ನಿಜವಾದ ಬಿಡುವು ಯಾವುದೆಂದು ಕೇಳಿದರೆ ಸಿಗುವ ಉತ್ತರ ಬ್ರಾಂಚಿಗೆ ಹೋಗುವುದು ಎಂದು. ಕಟ್ಟಿದ ಬೀಡಿಯನ್ನು ಬುಟ್ಟಿಯಲ್ಲೋ ಪ್ಲಾಸ್ಟಿಕ್ ಚೀಲದಲ್ಲೋ ಇಟ್ಟುಕೊಂಡು, ಬುರ್ಖಾ ತೊಟ್ಟವರು, ಸೆರಗು ಸುತ್ತಿಕೊಂಡವರು, ಶಾಲೆಗೆ ರಜೆಯಾದ ಮಕ್ಕಳು ಗದ್ದೆಯ ಬದುವಿನ ಮೇಲೆ ಸಾಲಾಗಿ ನಡೆಯುತ್ತಾರೆ. ಬ್ರಾಂಚಿನಲ್ಲಿ ಎಣಿಕೆಯಾಗಬೇಕು, ಒಳ್ಳೆಯದು ಕೆಟ್ಟದು ಬೇರೆಯಾಗಬೇಕು, ಪುಸ್ತಕದಲ್ಲಿ ಬರೆಸಬೇಕು, ಮುಂದಿನ ಎಲೆ, ಹೊಗೆಸೊಪ್ಪು, ನೂಲು ತೂಗಿಸಿಕೊಳ್ಳಬೇಕು. ಒಂದು ಗಂಟೆಯಂತೂ ಹಿಡಿಯುತ್ತದೆ. ಕಾಯುವುದಕ್ಕೆ ಗೊಣಗುವವರು ಕಡಿಮೆ. ಮೊರ ಮನೆಯಲ್ಲಿದೆ, ಕೈ ಖಾಲಿ ಇದೆ. ಒಬ್ಬಳು ಇನ್ನೊಬ್ಬಳ ಪುಸ್ತಕದ ಲೆಕ್ಕ ಸರಿಯಿದೆಯೇ ಎಂದು ಗಟ್ಟಿಯಾಗಿ ಓದಿ ಹೇಳುತ್ತಾಳೆ, ಉಳಿದವರು ಸುತ್ತ ನಿಂತು ಕೇಳುತ್ತಾರೆ.